ಕೂಲಿಯಲ್ಲಿ ನನ್ನ ಪಾಲು

ನನ್ನ ರೇಷನ್ ಕಾರ್ಡು ರದ್ದಾಗಿತ್ತು. ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಭತ್ತ ಹರವಿ ಒಣಗಿಸಲು ಬಳಗಾನೂರಿನಿಂದ ಇಪ್ಪತ್ತು ಹೆಣ್ಣಾಳುಗಳನ್ನು ಕರೆದೊಯ್ಯುತ್ತಿದ್ದವಳು ನಾನು. ಗುಂಪಿನಲ್ಲಿ ಪ್ಯಾನ್ ಕಾರ್ಡು ಇದ್ದದ್ದು ನನ್ನೊಬ್ಬಳಿಗೆ. ಹಾಗಾಗಿ ಎಲ್ಲರ ಕೂಲಿಯೂ ನನ್ನ ಖಾತೆಗೆ ಬೀಳುತ್ತಿತ್ತು. ತೆಗೆದು ತಂದು ಶನಿವಾರ ಕಟ್ಟೆಯ ಮೇಲೆ ಹಂಚುತ್ತಿದ್ದೆ. ಬರೆದಿಡುವ ರೂಢಿ ನಮ್ಮಲ್ಲಿಲ್ಲ. ಗಿರಣಿಯವರು ನನ್ನನ್ನು ಗುತ್ತಿಗೆದಾರಳೆಂದು ತೋರಿಸಿ ತೆರಿಗೆ ಮುರಿದುಕೊಂಡಿದ್ದರು. ಸರ್ಕಾರದ ಕಣ್ಣಿಗೆ ಆ ರೊಕ್ಕವೆಲ್ಲ ನನ್ನ ಗಳಿಕೆ, ಅದಕ್ಕೇ ಕಾರ್ಡು ಹೋಗಿತ್ತು.

ತೆರಿಗೆ ರಿಟರ್ನ್ ತುಂಬಿ ನಿಜವಾದ ಗಳಿಕೆ ತೋರಿಸಿದರೆ ಕಾರ್ಡು ಮತ್ತೆ ಸಿಗಬಹುದು ಎಂದು ರೇಷನ್ ಆಫೀಸಿನವರು ಹೇಳಿದರು. ಕೂಲಿ ಮುಟ್ಟಿದ್ದಕ್ಕೆ ಸಾಕ್ಷಿಯಾಗಿ ಒಬ್ಬಳನ್ನು ಕರೆತಾ ಎಂದು ರಿಟರ್ನ್ ತುಂಬುವವನು ಹೇಳಿದ್ದ. ನೆಗೆಣ್ಣಿಯನ್ನು, ಅಂದರೆ ಮೈದುನನ ಹೆಂಡತಿಯನ್ನು, ಕರೆದುಕೊಂಡು ಸಿಂಧನೂರಿನ ಬಸ್ಸು ಹತ್ತಿದೆ. ಅವಳೂ ಗುಂಪಿನವಳೇ.

“ಇದ್ರಾಗ ನಿನಗ ಉಳಿದದ್ದು ಎಷ್ಟು, ಯವ್ವಾ?” ಎಂದು ರಿಟರ್ನ್ ತುಂಬುವವನು ಕಂಪ್ಯೂಟರಿನ ಮುಂದೆ ಕೂತು ಕೇಳಿದ.

“ಅಕ್ಕಗ ಏನ್ ಉಳೀತೈತ್ರೀ?” ನೆಗೆಣ್ಣಿ ಬಾಯಿ ಹಾಕಿದಳು. “ನಮ್ಮಂಗ ಬಿಸಲಾಗ ಸುಡ್ತಾಳ. ಎಲ್ಲಾರ್ಗೂ ಸಮಪಾಲು. ಚಾದ ರೊಕ್ಕ ಸೈತ ತಾನಾ ಕೊಡ್ತಾಳ.”

“ಹಂಗಾದ್ರ ಗುತ್ತಿಗಿ ಯಾಕ ಹಿಡೀತಿ, ಧರ್ಮಕ್ಕೇನು?” ಅವನು ನಕ್ಕ. “ಸುಳ್ಳು ಬರದು ನಾ ಸಿಗಾಕ್ಕೊಳ್ಳಂಗಿಲ್ಲ. ಖರೇ ಹೇಳು.”

ನೆಗೆಣ್ಣಿಯನ್ನು ಹೊರಗೆ ಕಳಿಸಬಹುದಿತ್ತು. ಆಗ ಅದು ಹೊಳೆಯಲಿಲ್ಲ.

“ತಲೀಗೆ ಹತ್ತು ರೂಪಾಯಿ,” ಎಂದೆ. “ದಿನಾ. ಅವರ ಕೂಲ್ಯಾಗಿಂದ.”

“ಯಾವಾಗಿಂದ?” ಕೇಳಿದ್ದು ಅವನಲ್ಲ, ನೆಗೆಣ್ಣಿ.

“ಸುರುವಿನಿಂದ.”

“ನಂದೂ?”

“ನಿಂದೂ.”

ಅವನು ಬೆರಳಾಡಿಸುತ್ತ ಕಂಪ್ಯೂಟರಿಗೆ ತುಂಬಿದ. ಆ ಹತ್ತು ರೂಪಾಯಿ, ನನ್ನ ಸ್ವಂತ ಕೂಲಿ, ಎರಡೂ ಸೇರಿದರೂ ತೆರಿಗೆ ಬೀಳುವುದಿಲ್ಲ, ಮುರಿದದ್ದೂ ತಿರುಗಿ ಬರುತ್ತದೆ ಎಂದ. ಮೊಬೈಲಿಗೆ ಒಂದು ನಂಬರ್ ಬಂತು. ನನಗೆ ಸಣ್ಣ ಅಕ್ಷರ ಕಾಣುವುದಿಲ್ಲ. ನೆಗೆಣ್ಣಿ ಒಂದೊಂದೇ ಅಂಕಿ ಓದಿ ಹೇಳಿದಳು. ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ.

ಬಸ್ಸಿನಲ್ಲಿ ಅವಳು ಮುಂದಿನ ಸೀಟಿನಲ್ಲಿ ಕೂತಳು. ಬಳಗಾನೂರು ಬರುವವರೆಗೂ ಬೆರಳು ಮಡಚಿ ಎಣಿಸುತ್ತಿದ್ದಳು. ನಾನು ಯಾವತ್ತೂ ಹಾಗೆ ಕೂಡಿಸಿ ನೋಡಿರಲಿಲ್ಲ. ಕಿಟಕಿಯಾಚೆ ಕಾಲುವೆಯಲ್ಲಿ ನೀರು ಬಿಟ್ಟಿದ್ದರು.

ಹೊತ್ತು ಮುಳುಗುವುದರೊಳಗೆ ಇಪ್ಪತ್ತು ಮನೆಗೂ ಗೊತ್ತಾಗಿತ್ತು. ಯಾರೂ ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ಎರಡು ಮಾತು ಬೈದು ಮುಗಿಸುತ್ತಿದ್ದೆ.

ಎರಡು ತಿಂಗಳ ಮೇಲೆ ರೇಷನ್ ಕಾರ್ಡು ಬಂತು. ಅಷ್ಟರಲ್ಲಿ ನೆಗೆಣ್ಣಿ ಪ್ಯಾನ್ ಕಾರ್ಡು ಮಾಡಿಸಿಕೊಂಡಿದ್ದಳು. ಈಗ ಗುಂಪು ಅವಳದು. ತಲೆಗೆ ಐದು ರೂಪಾಯಿ, ಎಲ್ಲರೆದುರು ಹೇಳಿಯೇ ಮುರಿದುಕೊಳ್ಳುತ್ತಾಳೆ. ನಾನೂ ಭತ್ತ ಹರವಲು ಹೋಗುತ್ತೇನೆ. ಕೂಲಿ ಹಂಚುವಾಗ ನನ್ನನ್ನು ಕೊನೆಗೆ ಕರೆಯುತ್ತಾಳೆ. ಕೊಟ್ಟಷ್ಟು ತೆಗೆದುಕೊಂಡು ಸೆರಗಿಗೆ ಗಂಟು ಹಾಕಿ ಮನೆಗೆ ಬರುತ್ತೇನೆ.