ಹೊನ್ನೆ ಮರದ ನೆರಳು

ಬೀಡಿ ಕಟ್ಟುವವರಿಗೆ ನೆರಳು ಬೇಕೇ ಬೇಕು. ಬಿಸಿಲು ತಾಗಿದರೆ ನೆನೆಸಿಟ್ಟ ಎಲೆ ಒಣಗಿ ಕೈಯಲ್ಲೇ ಒಡೆಯುತ್ತದೆ. ವರ್ಕಾಡಿಯ ನಮ್ಮ ಹೊಸ ಮನೆಗೆ ಗಾಳಿ ಧಾರಾಳ, ನೆರಳು ಮಾತ್ರ ಹೆಸರಿಗೂ ಇರಲಿಲ್ಲ. ನೆರೆಮನೆಯ ಹೆಂಗಸರು ಮಧ್ಯಾಹ್ನ ಎಲೆ, ಹೊಗೆಸೊಪ್ಪು ಇಟ್ಟ ಮೊರ, ನಮ್ಮ ಮಾತಲ್ಲಿ ತಡ್ಪೆ, ಹಿಡಿದು ಬರುತ್ತಿದ್ದರು. ಎಲ್ಲರೂ ಗೋಡೆಗೆ ಅಂಟಿಕೊಂಡು ಕೂತು, ಮಡಿಲಲ್ಲಿ ತಡ್ಪೆಯಿಟ್ಟು ಬೀಡಿ ಕಟ್ಟುತ್ತಾ, ಬಿಸಿಲು ಬಂದಂತೆ ಸರಿಯುತ್ತಿದ್ದೆವು. ಆ ಮಾತು, ಆ ನಗು ಇಲ್ಲದಿದ್ದರೆ ಆ ಕೆಲಸ ನನ್ನಿಂದ ಒಂದು ದಿನವೂ ಆಗುತ್ತಿರಲಿಲ್ಲ.

ಅವರಿಗಾಗಿಯೇ ಅಂಗಳದಲ್ಲಿ ಹೊನ್ನೆ ನೆಟ್ಟೆ. ಮಂಜೇಶ್ವರದ ಹೊಳೆಬದಿಯಿಂದ ತಂದ ಕಾಯಿಯನ್ನು ಚಿಪ್ಪು ಒಡೆಯದೆ ಹಾಗೇ ಹೂತಿದ್ದೆ. ಮಳೆಗಾಲ ಅರ್ಧ ಕಳೆದರೂ ಮೊಳಕೆಯಿಲ್ಲ.

"ತೆಂಗು ನೆಟ್ಟಿದ್ದರೆ ಪಲ್ಯಕ್ಕಾದರೂ ಆಗ್ತಿತ್ತು. ಇದರ ಕಾಯಿ ಎಂತಕ್ಕೆ, ಗಂಟುನೋವಿನ ಎಣ್ಣೆಗಾ?" ಎಂದು ಗಂಡ ಗೇಲಿ ಮಾಡಿದರು.

ಕೊನೆಗೂ ಮೊಳೆತದ್ದು ಆಮೆಗತಿಯಲ್ಲಿ ಬೆಳೆಯಿತು. ದನ ತಿನ್ನದಂತೆ ಮುಳ್ಳು ಕಟ್ಟಿ, ಬೇಸಿಗೆಯಲ್ಲಿ ಪಾತ್ರೆ ತೊಳೆದ ನೀರು ಹೊಯ್ದು ಸಾಕಿದೆ. ಅಂಗಳದ ತುಂಬ ನೆರಳಾಗುವಷ್ಟರಲ್ಲಿ ನಮಗೆಲ್ಲ ಕನ್ನಡಕ ಬಂದಿತ್ತು. ಆದರೂ ಅದರಡಿ ಚಾಪೆ ಹಾಸಿ ಕೆಲವು ವರ್ಷ ಸುಖವಾಗಿ ಕೂತೆವು.

ಕಾಯಿ ಹಣ್ಣಾದಾಗ ಬಾವಲಿಗಳು ಬಂದು ಸಿಪ್ಪೆ ಚೀಪಿ ಬೀಜ ಉದುರಿಸುತ್ತಿದ್ದವು. ಗುಡಿಸಿ ಗುಡಿಸಿ ನನ್ನ ಸೊಂಟ ಬಿದ್ದುಹೋಗುತ್ತಿತ್ತು, ಅಷ್ಟೇ. 2018ರಲ್ಲಿ ಕೋಝಿಕ್ಕೋಡಿನ ಕಡೆ ಬಾವಲಿಯಿಂದ ಬರುವ ಜ್ವರಕ್ಕೆ ಜನ ಸತ್ತರು ಎಂದು ಟಿ.ವಿ.ಯಲ್ಲಿ ಬಂತು. ಮರುದಿನ ನೆರೆಯಾಕೆ ಅಂಗಳದ ಹೊರಗೇ ನಿಂತಳು.

"ಅದರ ಎಂಜಲು ತಡ್ಪೆಗೆ ಬಿದ್ದರೆ ಎಂತ ಗತಿ ಮಾರಾಯ್ತಿ? ಮರ ಕಡಿಸು. ನಮ್ಮ ಮನೆಯಲ್ಲಿ ಸಣ್ಣ ಮಕ್ಕಳು ಉಂಟು."

ಅವಳ ಹೆದರಿಕೆ ಸುಳ್ಳಲ್ಲ, ನನಗೂ ಹೆದರಿಕೆಯಿತ್ತು. ಆದರೆ ಕಡಿಸಲು ಮನಸ್ಸು ಬರಲಿಲ್ಲ.

"ಹಗಲು ಬಾವಲಿ ಎಲ್ಲಿ ಉಂಟು? ದಿನಾ ಬೆಳಿಗ್ಗೆ ಅಂಗಳ ತೊಳೀತೇನೆ" ಎಂದೆ. ಯಾರೂ ಒಳಗೆ ಬರಲಿಲ್ಲ.

ಜ್ವರ ನಮ್ಮ ಊರಿಗೆ ಬರಲೇ ಇಲ್ಲ, ಸುದ್ದಿಯೂ ತಣ್ಣಗಾಯಿತು. ಅಷ್ಟರಲ್ಲಿ ಅವರೆಲ್ಲ ರಸ್ತೆಯಾಚೆಯ ಮನೆಯೊಂದರ ತಗಡಿನ ಚಪ್ಪರ ಹಿಡಿದಿದ್ದರು. ನಾನೂ ಒಂದೆರಡು ಸಲ ತಡ್ಪೆ ಹಿಡಿದು ಹೋದೆ. "ಕಡಿಸಿದಿಯಾ?" ಎಂದೇ ಮಾತು ಶುರುವಾಗುತ್ತಿತ್ತು. ಉತ್ತರ ಹೇಳಿ ಹೇಳಿ ಸಾಕಾಗಿ ಹೋಗುವುದು ಬಿಟ್ಟೆ.

ಈಗ ಅಷ್ಟು ತಂಪಿನಲ್ಲಿ ಒಬ್ಬಳೇ ಕೂತು ಬೀಡಿ ಕಟ್ಟುತ್ತೇನೆ. ಅಲ್ಲಿ ತಗಡಿನಡಿ ಬೆವರು ಒರೆಸುತ್ತಾ ಅವರು ನಗುವುದು ಇಲ್ಲಿಗೆ ಕೇಳಿಸುತ್ತದೆ. ಹೊಟ್ಟೆ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ. ಕಡಿಸಿಯೇ ಬಿಡೋಣ ಎಂದು ಎಷ್ಟೋ ಸಲ ಅನಿಸಿದೆ. ಆದರೆ ಕಡಿಸಿದ ಮೇಲೆ ಅವರು ಬಂದರೆ, ಎಲ್ಲಿ ಕೂರಿಸಲಿ?