ಗುರುತಿಲ್ಲದವರಂತೆ ಹಿಂದೆ ಬಂದ ಟೀಚರು

ಸುಮಿತ್ರಾ ಟೀಚರು ಸೂಜಿಗೆ ದಾರ ಪೋಣಿಸಿದರು. ಸೇವಂತಿ ತನ್ನ ಹಳೆಯ ಚೀಲವನ್ನು ಒಳಮಗ್ಗುಲು ಹೊರಗೆ ಮಾಡಿ ಹಿಡಿದುಕೊಂಡಳು. ರೈಲಿನ ಪಾಸು ಇಡಲು ಅಂಗೈಯಗಲದ ಒಂದು ಜೇಬು ಹೊಲಿಯಬೇಕಿತ್ತು. ಕೊನೆಗೆ ದಾರವನ್ನು ಹಲ್ಲಿನಿಂದ ಕಡಿದು ಟೀಚರು ಚೀಲವನ್ನು ಅವಳ ಮಡಿಲಿಗೆ ಹಾಕಿದರು. ಅದು ಈ ಜೂನ್ ತಿಂಗಳ ಮಾತು.

ಮುಂಬಯಿಯ ಭಾಂಡುಪಿನ ಕನ್ನಡ ರಾತ್ರಿ ಶಾಲೆಯಿಂದ ಈ ವರ್ಷ ನಿವೃತ್ತರಾಗುತ್ತಿರುವ ಶ್ರೀಮತಿ ಸುಮಿತ್ರಾ ಜಯಸಿಂಹ ಅವರನ್ನು ಇಲ್ಲಿನ ಕನ್ನಡಿಗರು ಗಣಿತದ ಅಧ್ಯಾಪಕಿಯೆಂದು ಬಲ್ಲರು. ಹಗಲಿಡೀ ಹೋಟೆಲಿನಲ್ಲಿ, ಕಾರ್ಖಾನೆಯಲ್ಲಿ, ಕಂಡವರ ಅಡುಗೆಮನೆಯಲ್ಲಿ ದುಡಿದು ಬಂದವರಿಗೆ ತೂಕಡಿಕೆ ಬಾರದಂತೆ ಬೀಜಗಣಿತ ಕಲಿಸಿದವರು ಅವರು. ಆದರೆ ಶಾಲೆಯ ಮೆಟ್ಟಿಲಿಳಿದವರನ್ನು ಕಾಲೇಜಿನ ಮೆಟ್ಟಿಲು ಹತ್ತಿಸುವುದಕ್ಕಾಗಿ ಅವರು ಕಂಡುಕೊಂಡ ಕ್ರಮವೊಂದಿದೆ. ಈ ಅಭಿನಂದನಾ ಗ್ರಂಥದಲ್ಲಿ ಅದನ್ನು ಯಾರಾದರೂ ಬರೆಯಲೇಬೇಕಿತ್ತು.

ಮದುವೆಯಾಗಿ ಮೈಸೂರಿನಿಂದ ಬಂದು ಶಾಲೆಗೆ ಸೇರಿದ ಮೊದಲ ವರ್ಷಗಳಲ್ಲಿ ಅವರಿಗೆ ಚಂದ್ರವ್ವ ಎಂಬ ವಿದ್ಯಾರ್ಥಿನಿಯಿದ್ದಳು. ಒಳ್ಳೆಯ ಅಂಕ ತೆಗೆದವಳು. ಅರ್ಜಿ ಕೊಡಲು ಕಾಲೇಜಿನ ಗೇಟಿನವರೆಗೆ ಹೋದಳು. ಯಾರನ್ನು ಏನು ಕೇಳಬೇಕೆಂದು ತಿಳಿಯದೆ ಹಿಂದಿರುಗಿ, ಸಂಜೆಯವರೆಗೆ ಸ್ಟೇಷನ್ನಿನ ಬೆಂಚಿನಲ್ಲಿ ಕೂತು ಮನೆಗೆ ಹೋದಳು. ಮರುದಿನವೂ ಹಾಗೆಯೇ ಆಯಿತು. ಸೀಟು ಕೈತಪ್ಪಿತು. ಅಂದಿನಿಂದ ಟೀಚರು ಅರ್ಜಿಗೆ ಮುಂಚೆ ಒಬ್ಬೊಬ್ಬರಿಂದಲೂ ತಾಲೀಮು ಮಾಡಿಸತೊಡಗಿದರು. ಕಾಲೇಜಿನ ಹೊತ್ತಿಗೇ ಲೋಕಲ್ ರೈಲು ಹತ್ತಬೇಕು, ದಾರಿ ಕೇಳಬೇಕು, ಆಫೀಸಿನ ಕಿಟಕಿಯಲ್ಲಿ ವಿಚಾರಿಸಬೇಕು, ಕ್ಯಾಂಟೀನಿನಲ್ಲಿ ಏನಾದರೂ ತಿಂದು ಬರಬೇಕು. ಟೀಚರು ಬರುತ್ತಾರೆ, ಆದರೆ ಸ್ವಲ್ಪ ಹಿಂದೆ, ಗುರುತಿಲ್ಲದವರಂತೆ. ಅವರನ್ನು ಮಾತಾಡಿಸುವಂತಿಲ್ಲ.

ಸೇವಂತಿಯ ಸರದಿ ಬರುವುದು ತಡವಾಯಿತು. ಎಂಟನೆಯ ತರಗತಿಗೇ ಶಾಲೆ ಬಿಟ್ಟು, ಟಿಫಿನ್ ಕಳಿಸುವ ಮನೆಯೊಂದರಲ್ಲಿ ಚಪಾತಿ ಲಟ್ಟಿಸುತ್ತಿದ್ದವಳು. ರಾತ್ರಿ ಶಾಲೆಯಲ್ಲಿ ಹತ್ತನ್ನೂ, ಟೀಚರ ಮನೆಯ ಊಟದ ಮೇಜಿನಲ್ಲಿ ಓದಿ ಖಾಸಗಿಯಾಗಿ ಹನ್ನೆರಡನ್ನೂ ಮುಗಿಸಿದಳು. ಎಲ್ಲವನ್ನೂ ನೋಡುವಳು, ಏನನ್ನೂ ಕೇಳಳು. ಬಾಂದ್ರಾದ ಕಾಲೇಜೊಂದಕ್ಕೆ ಬಿ.ಕಾಂ. ಅರ್ಜಿ ಹಾಕುವ ಮಾತು ಬಂದಾಗ, ಸ್ಟೇಷನ್ನಿನೆದುರಿನ ಹೋಟೆಲಿನಲ್ಲಿ ಚಹಾ ಮಾಡುವ ಅವಳ ತಂದೆ ದೂಜ ಅವರು ಆಡಿ ತೋರಿಸಿದ್ದೂ ಇದನ್ನೇ.

"ಅಂಗಡಿಯವ ಚಿಲ್ಲರೆ ಕಮ್ಮಿ ಕೊಟ್ರೂ ಸುಮ್ಮನೆ ಬರ್ತಾಳೆ ಟೀಚರೇ ಇವಳು. ಕಾಲೇಜಲ್ಲಿ ಬಾಯಿ ಬಿಡ್ತಾಳಾ? ಒಂದು ಸಲ ತಾನೇ ಕೇಳಿ ಬರ್ಲಿ, ಆಮೇಲೆ ಅರ್ಜಿ. ಇಲ್ಲದಿದ್ರೆ ಚಪಾತಿಯೇ ಸೈ."

"ಆಗಲಿ ದೂಜಣ್ಣ. ಮೊದಲು ಕೂತ್ಕೊಳ್ಳಿ, ಖರ್ಚು ನೋಡೋಣ."

ಟೀಚರು ಫೀಸಿನಿಂದ ಆರಂಭಿಸುವವರಲ್ಲ. ಕಾಲೇಜಿನ ಒಂದು ದಿನದಿಂದ ಆರಂಭಿಸುವವರು. ಪಾಸು, ಝೆರಾಕ್ಸು, ಮಧ್ಯಾಹ್ನದ ವಡಾಪಾವ್. ಎಲ್ಲದರ ಕೆಳಗೆ 'ಗೆಳತಿಗೊಂದು ಚಹಾ' ಎಂದು ಬರೆದಾಗ ದೂಜ ಅವರು ಕುರ್ಚಿಯಿಂದ ಎದ್ದೇಬಿಟ್ಟರು.

"ಇದೆಂಥದ್ದು ಮಾರಾಯ್ರೆ! ಬೆಳಗಿಂದ ಊರಿಗೆಲ್ಲ ಚಾ ಮಾಡಿ ಹಾಕುವುದು ನಾನು. ಇನ್ನು ಇವಳ ಗೆಳತಿಗೂ ನಾವೇ ಕುಡಿಸ್ಬೇಕಾ?"

"ವಾರಕ್ಕೊಂದು ಸಲ ಸಾಕು. ಒಂದು ಚಹಾ ಕೊಡಿಸೋಕೆ ಕೈಲಿಲ್ಲದ ಹುಡುಗಿ ಮೊದಲು ಗೆಳತಿಯರನ್ನ ತಪ್ಪಿಸಿಕೊಂಡು ಓಡಾಡ್ತಾಳೆ. ಆಮೇಲೆ ಕ್ಲಾಸನ್ನೇ ತಪ್ಪಿಸ್ತಾಳೆ."

ದೂಜ ಅವರು ಮಗಳ ಮುಖ ನೋಡಿದರು. "ಬರ್ಕೊಳ್ಳಿ. ಆದ್ರೆ ಕಟಿಂಗ್. ಅರ್ಧ ಗ್ಲಾಸು ಧಾರಾಳ ಸಾಕು!"

ತಾಲೀಮಿನ ದಿನ ದಾದರಿನಲ್ಲಿ ಗಾಡಿ ಬದಲಿಸುವಾಗ ಸೇವಂತಿ ಕದ್ದು ಹಿಂದಿರುಗಿ ನೋಡಿದಳು. ಟೀಚರು ಕ್ಲಿಪ್ಪು ಮಾರುವವಳೊಡನೆ ಚೌಕಾಸಿ ಮಾಡುತ್ತಿದ್ದರು. ಬಾಂದ್ರಾದಲ್ಲಿ ದಾರಿ ಕೇಳಬೇಕಿತ್ತು; ಕೇಳಲಿಲ್ಲ, ಚೀಲ ಹೊತ್ತ ಹುಡುಗಿಯರ ಹಿಂದೆ ನಡೆದಳು. ಗೇಟಿನಲ್ಲಿ ಅವಳ ಕೈಯ ಫೈಲು ಕಂಡು ವಾಚ್‌ಮನ್ ಒಳಗೆ ಬಿಟ್ಟ. ಹೀಗೆ ತುಟಿ ಬಿಚ್ಚದೆಯೇ ಅಂಗಳ ಸೇರಿದ್ದಳು. ಆಗ ಹಿಂದಿನಿಂದ ಗದರಿಕೆ ಕೇಳಿಸಿತು.

"ಅರೇ ಮಾಂಜೀ, ಕಿಧರ್? ಕಿಸ್ಕೇ ಸಾಥ್ ಆಯೀ ಹೋ?"

ವಾಚ್‌ಮನ್ ಟೀಚರಿಗೆ ಅಡ್ಡವಾಗಿ ಕೋಲು ಹಿಡಿದಿದ್ದ. ಇಡೀ ತರಗತಿಯನ್ನು ಒಂದು ಕೆಮ್ಮಿನಿಂದ ಸುಮ್ಮನಾಗಿಸುತ್ತಿದ್ದವರು, ತಾವೇ ಮಾಡಿದ ನಿಯಮಕ್ಕೆ ಕಟ್ಟುಬಿದ್ದು, ಯಾರ ಜೊತೆ ಬಂದೆನೆಂದು ಹೇಳದೆ, ಕೊಡೆ ಮಡಚಿ ನಿಂತಿದ್ದರು. ನಿಯಮ ಸೇವಂತಿಗೂ ನೆನಪಿತ್ತು. ಆದರೆ ಅವಳ ಕಾಲು ಆಗಲೇ ಗೇಟಿನತ್ತ ಹೊರಟಿತ್ತು.

"ಚಾಚಾ, ಛೋಡೋ! ಮೇರೇ ಸಾಥ್ ಹೈ. ಮೇರೀ ಟೀಚರ್ ಹೈ!" ನನ್ನ ಜೊತೆ ಬಂದವರು, ನನ್ನ ಟೀಚರು ಎಂಬ ಆ ಕೂಗಿಗೆ ಅಂಗಳದ ಹುಡುಗಿಯರು ತಿರುಗಿ ನೋಡಿದರು. ಅದೇ ಉಸಿರಿನಲ್ಲಿ ಅವಳು, "ಔರ್ ಆಫೀಸ್ ಕಿಧರ್ ಹೈ?" ಎಂದೂ ಕೇಳಿಬಿಟ್ಟಳು.

ವಾಚ್‌ಮನ್ ಕೋಲಿನಿಂದಲೇ ಆಫೀಸಿನ ದಾರಿ ತೋರಿಸಿದ. ಶಾಲೆ ಬಿಟ್ಟಿದ್ದ ವರ್ಷಗಳಿಗೆ ಪ್ರಮಾಣಪತ್ರ ಬೇಕೇ, ಫೀಸನ್ನು ಎರಡು ಕಂತಿನಲ್ಲಿ ಕಟ್ಟಬಹುದೇ ಎಂದು ಅವಳು ಕಿಟಕಿಯಲ್ಲಿ ವಿಚಾರಿಸಿದಳು. ಎರಡಕ್ಕೂ ಹೌದೆಂಬ ಉತ್ತರ ಬಂತು. ಆಮೇಲೆ ಕ್ಯಾಂಟೀನಿನಿಂದ ಎರಡು ಕಟಿಂಗ್ ತಂದು, ಒಂದನ್ನು ದೂರದ ಮೇಜಿನಲ್ಲಿ ಕೂತಿದ್ದ ಟೀಚರ ಮುಂದಿಟ್ಟಳು.

"ಇದು ನಿಯಮದಲ್ಲಿಲ್ಲ ಕಣೇ."

"ಖರ್ಚಿನಲ್ಲಿ ನೀವೇ ಬರೆದದ್ದಲ್ವಾ ಟೀಚರ್, ಗೆಳತಿಗೊಂದು ಚಹಾ ಅಂತ."

ಟೀಚರು ನಗುತ್ತಾ ಕರವಸ್ತ್ರಕ್ಕೆಂದು ತಮ್ಮ ಚೀಲ ತೆರೆದಾಗ ಶಾಲೆಯ ಗುರುತಿನ ಚೀಟಿ ಎದುರಿಗೇ ಕಂಡಿತು. ಗೇಟಿನಲ್ಲಿ ಅದನ್ನು ತೋರಿಸಿದ್ದರೆ ಸಾಕಿತ್ತು. ಸೇವಂತಿ ಅದನ್ನು ನೋಡಿದಳು, ಏನೂ ಕೇಳಲಿಲ್ಲ.

ಅರ್ಜಿ ಹೋಯಿತು, ಸೀಟೂ ಸಿಕ್ಕಿತು. ಮಗಳು ವಾಚ್‌ಮನ್ನನಿಗೆ ಜೋರು ಮಾಡಿದ ಕಥೆಯನ್ನು ದೂಜ ಅವರು ಹೋಟೆಲಿನಲ್ಲಿ ದಿನವೂ ಹೇಳುತ್ತಿದ್ದಾರೆ; ಹೇಳಿದಾಗಲೆಲ್ಲ ವಾಚ್‌ಮನ್ನನ ಮೀಸೆ ಒಂದಿಷ್ಟು ಉದ್ದವಾಗುತ್ತದೆ.

ಸೂಜಿಯ ಕಣ್ಣು ಟೀಚರ ಕಣ್ಣಿಗೆ ಇನ್ನೂ ಬಹುಕಾಲ ನಿಚ್ಚಳವಾಗಿ ಕಾಣಲಿ. ದಾದರಿನ ಸೇತುವೆಗೆ ಅವರ ಮೊಣಕಾಲು ಸೋಲದಿರಲಿ. ಜೇಬು ಹೊಲಿಸಿಕೊಳ್ಳಲು ಚೀಲ ಹಿಡಿದು ನಿಲ್ಲುವ ಹುಡುಗಿಯರಿಗೆ ಅವರ ಬಾಗಿಲು ನಿವೃತ್ತಿಯ ನಂತರವೂ ತೆರೆದಿರಲಿ. ಈ ಗ್ರಂಥ ಅವರ ಕೈಸೇರುವ ಹೊತ್ತಿಗೆ ಸೇವಂತಿಯ ಕಾಲೇಜು ಶುರುವಾಗುವುದರಲ್ಲಿರುತ್ತದೆ. ಅವಳದೊಂದು ಕೋರಿಕೆಯಿದೆ.

ಟೀಚರ್, ಮೊದಲ ದಿನ ಲೋಕಲಿಗೆ ನೀವೂ ಬನ್ನಿ. ಈ ಸಲ ಹಿಂದೆ ಬೇಡ, ಪಕ್ಕದಲ್ಲಿ ಕೂತುಕೊಳ್ಳಿ.