ಡ್ರಿಲ್ ಮಾಸ್ತರರ ಪರದೇಶದ ಊಟ

ಆಯುಷ್ಯವಿಡೀ "ನನ್ನ ನೋಡಿ ಮಾಡ್ರೋ" ಎಂದು ಶಾಲೆಯ ಮಕ್ಕಳ ಕೈಕಾಲು ಎತ್ತಿಸಿದ ಡ್ರಿಲ್ ಮಾಸ್ತರರು ಪರದೇಶದ ಹೋಟೆಲಿಗೆ ಕಾಲಿಟ್ಟರೆ ತಾವೇ ವಿದ್ಯಾರ್ಥಿ. ಅಲ್ಲಿಯವನಂತೆ ಕಾಣುವ ಒಬ್ಬನನ್ನು ಹುಡುಕಿ, ಅವನಿಗೆ ಎದುರಾಗಿಯೇ ಕುರ್ಚಿ ಹಿಡಿಯುತ್ತಾರೆ. ಅವನು ತೊಡೆಯ ಮೇಲೆ ಬಟ್ಟೆ ಹರಡಿಕೊಂಡರೆ ಇವರೂ ಹರಡಿಕೊಳ್ಳುತ್ತಾರೆ. ಬಟ್ಟಲೆತ್ತಿ ಸೊರ್ರೆಂದು ಹೀರಿದರೆ ಇವರೂ ಹೀರುತ್ತಾರೆ. ಅವನಿಗೆ ಕೆಮ್ಮು ಬಂದರೆ, ಅದೂ ಅಲ್ಲಿಯ ಪದ್ಧತಿಯೇ ಇರಬೇಕೆಂದು ಒಮ್ಮೆ ಕೆಮ್ಮಿಬಿಡುತ್ತಾರೆ. ತಟ್ಟೆಯಲ್ಲಿರುವುದು ಗೆಡ್ಡೆಯೋ ಹುಳುವೋ ಎಂದು ಕೇಳುವುದಿಲ್ಲ. "ನಾಲ್ಕು ಜನರ ಮುಂದೆ ನಗೆಪಾಟಲಾಗ್ಬಾರ್ದು ಕಣೇ" ಎಂದು ಹೆಂಡತಿಗೆ ಪಿಸುಗುಟ್ಟಿ, ಕಣ್ಣುಮುಚ್ಚಿ ನುಂಗುತ್ತಾರೆ. ಒಂದು ಮಧ್ಯಾಹ್ನ ಮಾತ್ರ ಲೆಕ್ಕ ತಪ್ಪಿತು. ಎದುರಿನ ಮೇಜಿನ ಮುದುಕ ಚಮಚ ಮುಟ್ಟಲೇ ಇಲ್ಲ, ಹಾಗಾಗಿ ಇವರೂ ಮುಟ್ಟಲಿಲ್ಲ. ಇಬ್ಬರ ಊಟವೂ ಆರಿ ತಣ್ಣಗಾಯಿತು. "ಅವ್ರೂ ನಮ್ಹಾಗೇ ಹೊರಗಿನವ್ರು ಕಣ್ರೀ. ಆಗಿಂದ ನಿಮ್ಮನ್ನೇ ನೋಡ್ತಾ ಕೂತಿದಾರೆ" ಎಂದರು ಹೆಂಡತಿ. ಮಾಸ್ತರರು ಬೆನ್ನು ನೆಟ್ಟಗೆ ಮಾಡಿದರು. ಅಂಗಿಯ ತೋಳು ಮಡಿಸಿ, ಚಮಚವನ್ನು ಬದಿಗೆ ಸರಿಸಿ, ಮುದುಕನಿಗೆ ಚೆನ್ನಾಗಿ ಕಾಣುವಂತೆ ಬೆರಳುಗಳಿಂದ ನಿಧಾನವಾಗಿ ಕಲಸಿ, ಮೊದಲ ತುತ್ತನ್ನು ಎತ್ತಿ ಹಿಡಿದರು. ಅವನ ಕೈಯೂ ಅಷ್ಟೇ ಎತ್ತರಕ್ಕೆ ಬರುವವರೆಗೆ ಬಾಯಿ ತೆರೆಯಲಿಲ್ಲ.